ಗರಿಗರಿ ದೋಸೆಯ ಪ್ರಯಾಣ

(ಏಪ್ರಿಲ್ 2021, ಕೊರೊನಾ ಕಾಲ. ಮುಂಬಯಿಯ ಮಾಟುಂಗಾದ ಒಂದು ಉಡುಪಿ ಹೋಟೆಲ್. ಕೂತು ತಿನ್ನುವಂತಿಲ್ಲ, ಪಾರ್ಸೆಲ್ ಮಾತ್ರ ಎಂದು ಮಹಾರಾಷ್ಟ್ರ ಸರ್ಕಾರದ ಆಜ್ಞೆ. ಫೋನ್ ರಿಂಗಾಗುತ್ತದೆ.)

ರಾಯರು: ಶೆಟ್ರೇ, ಮುಲುಂಡಿಗೆ ಎರಡು ಮಸಾಲೆದೋಸೆ. ಗರಿಗರಿ ಇರಲಿ!

ಶೆಟ್ಟರು: ಗರಿಗರಿ ಸಯನ್‌ವರೆಗೆ ಮಾತ್ರ ರಾಯ್ರೇ. ಕುರ್ಲಾದಲ್ಲಿ ಮೆತ್ತಗೆ, ಘಾಟ್ಕೋಪರ್ ದಾಟಿದರೆ ಚಪಾತಿ.

ರಾಯರು: ತರುವ ಹುಡುಗನಿಗೆ ಜ್ವರ ಇಲ್ಲ ತಾನೆ?

ಶೆಟ್ಟರು: ಅವನ ಮೈಬಿಸಿ ಎಷ್ಟೂಂತ ಡೆಲಿವರಿ ಆಪ್‌ನಲ್ಲೇ ಬರ್ತದೆ. ದೋಸೆಯ ಬಿಸಿ ಮಾತ್ರ ಕೇಳಬೇಡಿ.

ರಾಯರು: ಸೊಸೈಟಿಯವರು ಅವನನ್ನು ಒಳಗೆ ಬಿಡೋದಿಲ್ಲ, ಗೇಟಲ್ಲೇ ಇಡಲಿ. ನಾವು ಸ್ಯಾನಿಟೈಸರ್ ಹೊಡೆದು, ಬಿಸಿಲಿಗಿಟ್ಟು, ಆಮೇಲೆ ತಿಂತೇವೆ.

ಶೆಟ್ಟರು: ಹಾಗಾದ್ರೆ ದೋಸೆ ಯಾಕೆ? ಹಪ್ಪಳವನ್ನೇ ಕಳಿಸ್ತೇನೆ.

ರಾಯರು: ತಮಾಷೆ ಬಿಡಿ. ಡೆಲಿವರಿಗೆ 30 ರೂಪಾಯಿ ಯಾಕೆ?

ಶೆಟ್ಟರು: ಸದ್ಯ ಲಸಿಕೆ 45 ವರ್ಷ ದಾಟಿದವರಿಗೆ. ಹುಡುಗನಿಗೆ 22. ಲಸಿಕೆ ಹಾಕಿಸಿಕೊಂಡ ನೀವು ಮನೆಯೊಳಗೆ, ಹಾಕಿಸಿಕೊಳ್ಳಲಾಗದ ಅವನು ಊರೆಲ್ಲ ಸುತ್ತಬೇಕು.

ರಾಯರು: ಅಯ್ಯೋ ಪಾಪ! ಆದರೂ 30 ಜಾಸ್ತಿ ಆಯ್ತು. ಚಟ್ನಿಯಾದರೂ ಹೆಚ್ಚು ಹಾಕಿ.

ಶೆಟ್ಟರು: ಚಟ್ನಿ ಬೇಕಾದಷ್ಟು ಪುಕ್ಕಟೆ ಕೊಡ್ತೇನೆ ರಾಯ್ರೇ. ಹುಡುಗನ ಜೀವವನ್ನೂ ಪುಕ್ಕಟೆ ಕೇಳಬೇಡಿ.