ಡಿಕ್ಕಿ ಚಿಕ್ಕಪ್ಪ

ಬೇಸಿಗೆ ರಜೆ ಮುಗಿಸಿ ಬೆಳ್ತಂಗಡಿ ಕಡೆಯಿಂದ ಬೆಂಗಳೂರಿಗೆ ಹೊರಡುವ ಪ್ರತಿ ಕುಟುಂಬದಲ್ಲೂ ಒಬ್ಬ ಡಿಕ್ಕಿ ಚಿಕ್ಕಪ್ಪ ಇರುತ್ತಾರೆ. ಕಾರು ಯಾರದ್ದಾದರೂ ಆಗಲಿ, ಡಿಕ್ಕಿ ಅವರದು. "ಯಾರೂ ಒಂದನ್ನೂ ಮುಟ್ಟಬೇಡಿ" ಎಂದು ಲುಂಗಿ ಎತ್ತಿ ಕಟ್ಟಿ, ಮೊದಲು ಎಲ್ಲವನ್ನೂ ಅಂಗಳದಲ್ಲಿ ಸಾಲಾಗಿ ಇಡಿಸುತ್ತಾರೆ: ಕುಚ್ಚಲಕ್ಕಿ ಮೂಟೆ, ಸುಲಿದ ತೆಂಗಿನಕಾಯಿ, ಹಲಸಿನಹಣ್ಣು, ಮಿಡಿ ಉಪ್ಪಿನಕಾಯಿ ಭರಣಿ, ಹಪ್ಪಳದ ಡಬ್ಬ.

ಅವರ ಶಾಸ್ತ್ರ ಸರಳ. ಭಾರದ್ದು ಮೊದಲು, ತಳದಲ್ಲಿ, ಹಿಂದಿನ ಸೀಟಿಗೆ ಆನಿಸಿ. ಭರಣಿಗೆ ಹಳೇ ಪಂಚೆ ಸುತ್ತಿ ಎರಡು ಮೂಟೆಗಳ ನಡುವೆ. ಹಪ್ಪಳ ಎಲ್ಲಕ್ಕಿಂತ ಮೇಲೆ. ಆದರೆ ಸೀಟಿನ ಎತ್ತರ ದಾಟಕೂಡದು, ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಬೇಕು. ಆಮೇಲೆ, ಕಾರಿನ ಯಜಮಾನನೇ ಅಲ್ಲಿಯವರೆಗೆ ಕಂಡಿರದ ಡಿಕ್ಕಿಯ ಕೊಕ್ಕೆಗಳಿಗೆ ಹಗ್ಗ.

"ಇಷ್ಟೆಲ್ಲ ಯಾಕೆ ಚಿಕ್ಕಪ್ಪ?" ಅಂದರೆ ಪಾಠ ಶುರು. "60 ಕಿ.ಮೀ. ವೇಗದಲ್ಲಿ ಕಾರು ಗುದ್ದಿ ನಿಂತರೆ ಕಾಯಿಯೂ ನಿಲ್ತದಾ? ಅದು ಅದೇ ವೇಗದಲ್ಲಿ ಮುಂದೆ ಬರ್ತದೆ. 14 ಮೀಟರ್ ಎತ್ತರದ ಮರದಿಂದ ಬಿದ್ದ ಲೆಕ್ಕ! ಕಾಯಿ ಕೀಳುವಾಗ ಮರದಡಿ ಕೂರ್ತೀಯಾ?"

ಡಿಕ್ಕಿ ಮುಚ್ಚಿದ ಸದ್ದು ಕೇಳಿ ಅಜ್ಜಿ ಬಾಳೆಗೊನೆಯೊಂದಿಗೆ ಪ್ರತ್ಯಕ್ಷ. "ಇದೊಂದನ್ನು ಎಲ್ಲಾದ್ರೂ ತುರುಕು ಮಾರಾಯ." ಬಿಚ್ಚಿ, ಇಳಿಸಿ, ಮತ್ತೆ ಕಟ್ಟುವಷ್ಟರಲ್ಲಿ ಬೆಳಗಿನ ತಂಪಲ್ಲಿ ಹೊರಡಬೇಕಾಗಿದ್ದವರು ಮಧ್ಯಾಹ್ನದ ಊಟಕ್ಕೂ ಅಲ್ಲೇ.

ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತಾಗ ಉಳಿದವರ ಡಿಕ್ಕಿ ತೆರೆದರೆ ಕಾಯಿಗಳು ದಡದಡ ರಸ್ತೆಗೆ ಉರುಳುತ್ತವೆ. ಚಿಕ್ಕಪ್ಪ ಕಟ್ಟಿದ್ದರಲ್ಲಿ ಒಂದೂ ಮಿಸುಕುವುದಿಲ್ಲ. ತಿರುವಿನಲ್ಲಿ ವಾಂತಿ ಮಾಡಿಕೊಂಡ ಮಗುವಿನ ಬದಲಿ ಬಟ್ಟೆಯ ಚೀಲವೂ ಮಿಸುಕುವುದಿಲ್ಲ. ಅದು ಅಕ್ಕಿಮೂಟೆಯ ಅಡಿಯಲ್ಲಿ ಅತ್ಯಂತ ಸುರಕ್ಷಿತ.

ಇಷ್ಟೆಲ್ಲ ಬಿಗಿದವರು ತಾವು ಮಾತ್ರ ಮುಂದಿನ ಸೀಟಿನಲ್ಲಿ ಬಿಡುಬೀಸಾಗಿ ಕೂರುತ್ತಾರೆ. ಸೀಟ್ ಬೆಲ್ಟ್ ಪೊಲೀಸರು ಕಂಡಾಗ ಎದೆಗೆ ಎಳೆದು ಕೈಯಲ್ಲಿ ಹಿಡಿದುಕೊಳ್ಳುವ ವಸ್ತು. ಹಾಕಿಕೊಳ್ಳಿ ಎಂದರೆ, "ನಾನೇನು ಹಲಸಿನಹಣ್ಣೇ?"

ಹಿಂದಿನ ಸೀಟಿನಿಂದ ಚಿಕ್ಕಮ್ಮ ಬಾಯಿ ತೆರೆಯುತ್ತಾರೆ: "ಹಣ್ಣು ಹತ್ತು ಕಿಲೋ, ನೀವು ಎಂಬತ್ತು. ನಿಮ್ಮ ಶಾಸ್ತ್ರದ ಪ್ರಕಾರವೇ ಹೇಳಿ, ಮೊದಲು ಕಟ್ಟಬೇಕಾದ್ದು ಯಾವುದನ್ನು?"