ಸಮತಟ್ಟು ಪ್ರದೇಶದ ಮನೆ

ಹತ್ತು ವರ್ಷದಲ್ಲಿ ಬೆಲೆ ಏರದ ವಸ್ತು ಈ ದೇಶದಲ್ಲಿ ಒಂದೇ: ಬಡವನ ಮನೆ. 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಶುರುವಾದಾಗ ಸಮತಟ್ಟು ಪ್ರದೇಶದ ಮನೆಯೊಂದಕ್ಕೆ 1.20 ಲಕ್ಷ ರೂಪಾಯಿ ಎಂದು ಕೇಂದ್ರ ಬರೆಯಿತು. 2024ರಲ್ಲಿ ಇನ್ನೂ ಎರಡು ಕೋಟಿ ಮನೆಗಳಿಗೆ ಸಂಪುಟ ಒಪ್ಪಿಗೆ ಕೊಟ್ಟಾಗಲೂ ಅದೇ 1.20 ಲಕ್ಷ. ನಾವು ದಕ್ಷಿಣ ಕನ್ನಡದ ಮಾಣಿಯವರು ಕೂಡ ಸಮತಟ್ಟು ಪ್ರದೇಶದವರೇ ಅಂತೆ. ಇಲ್ಲಿ ಗುಡ್ಡ ಕಡಿಯದೆ ಕೋಳಿಗೂಡು ಕಟ್ಟಲಿಕ್ಕೂ ಆಗುವುದಿಲ್ಲ. ಗುಡ್ಡ ಕಡಿಯುವ ಜೆಸಿಬಿಯವನಿಗೆ ನಾವು ಸಮತಟ್ಟಿನವರೆಂಬ ಸುದ್ದಿ ಮುಟ್ಟಿಲ್ಲ. ಅವನು ಗಂಟೆಗೆ ಸಾವಿರದ ಮೇಲೆಯೇ ಕೇಳುತ್ತಾನೆ.

ಮೊದಲು ಜಾಗ ಆಗಬೇಕಲ್ಲ. ಜಂಕ್ಷನ್ನಿನ ಹೋಟೆಲಿನಲ್ಲಿ ಚಾ ಕುಡಿಯುವವರಲ್ಲಿ ಅರ್ಧ ಜನ ಬ್ರೋಕರು, ಉಳಿದವರು ಬ್ರೋಕರರ ಭಾವಂದಿರು.

“ಐದು ಸೆಂಟ್ಸ್ ಉಂಟಲ್ಲ. ಒಂದು ಕಡೆ ಬೆಂಗಳೂರು ಹೈವೇ, ಒಂದು ಕಡೆ ಮೈಸೂರು ಹೈವೇ. ಇಂಥ ಜಾಗ ಎಲ್ಲಿ ಸಿಗ್ತದೆ ಮಾರಾಯ್ರೆ?”

“ನಮಗೆ ಬೆಂಗಳೂರಿಗೂ ಹೋಗ್ಲಿಕ್ಕಿಲ್ಲ, ಮೈಸೂರಿಗೂ ಹೋಗ್ಲಿಕ್ಕಿಲ್ಲ ಅಣ್ಣ. ಮಲಗ್ಲಿಕ್ಕೆ ಒಂದು ಸೂರಾದ್ರೆ ಸಾಕು.”

“ನೀವು ಹೋಗದಿದ್ರೂ ರೇಟು ಹೋಗ್ತದಲ್ಲ!”

ಹೋಗಿದೆ. ಬಿ.ಸಿ.ರೋಡಿನಿಂದ ಅಡ್ಡಹೊಳೆಯವರೆಗೆ ನಾಲ್ಕು ಪಥದ ರಸ್ತೆ ಬಂದ ಮೇಲೆ, ಎದುರಿನವನ ಅಂಗಳ ರಸ್ತೆಗೆ ಹೋಗಿ ಹಿಂದಿನವನ ಹಟ್ಟಿ ‘ರೋಡ್ ಸೈಡ್’ ಆಯಿತು. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಷನ್ ಕೊಟ್ಟು ಎಕರೆ ಲೆಕ್ಕದಲ್ಲಿ ಭೂಮಿ ಪಡೆದವರ ಮೊಮ್ಮಕ್ಕಳು ಈಗ ಸೆಂಟ್ಸ್ ಲೆಕ್ಕದಲ್ಲಿ ಭೂಮಿ ಕೇಳುತ್ತಾ ತಿರುಗುತ್ತಿದ್ದಾರೆ.

ಹೈವೇ ಬಿಡಿ, ಒಳರಸ್ತೆಗೆ ಹೋಗೋಣ. ಸೆಂಟ್ಸಿಗೆ ಎರಡು ಲಕ್ಷ ಎಂದಿಟ್ಟುಕೊಳ್ಳಿ, ಐದಕ್ಕೆ ಹತ್ತು ಲಕ್ಷ. ಮುದ್ರಾಂಕ, ಸೆಸ್ಸು, ಸರ್ಚಾರ್ಜು ಸೇರಿ ಹಳ್ಳಿಯಲ್ಲಿ ನೂರಕ್ಕೆ 5.65. ನೋಂದಣಿ ಶುಲ್ಕವನ್ನು ರಾಜ್ಯ ಸರಕಾರ 2025ರ ಆಗಸ್ಟ್ 31ರಂದು ಒಂದರಿಂದ ಎರಡು ಮಾಡಿತು. ಒಟ್ಟು 76,500 ರೂಪಾಯಿ. ಮೂರು ವಾರ ಕಳೆದು ಕೇಂದ್ರ ಸರಕಾರ ಸಿಮೆಂಟಿನ ಜಿಎಸ್‌ಟಿಯನ್ನು 28ರಿಂದ 18ಕ್ಕೆ ಇಳಿಸಿ ಹಬ್ಬ ಆಚರಿಸಲು ಹೇಳಿತು. ಆಚರಿಸಿದೆವು. 600 ಚದರಡಿಯ ಸಣ್ಣ ಮನೆಗೂ ಇನ್ನೂರೈವತ್ತು ಚೀಲ ಸಿಮೆಂಟು, ಎರಡು ಟನ್ನಿನ ಮೇಲೆ ಕಬ್ಬಿಣ ಬೇಕು. ಆ ಎರಡರ ಮೇಲಿನ ತೆರಿಗೆಯೇ ಮೂವತ್ತೈದು ಸಾವಿರದ ಹತ್ತಿರ. ಟೈಲ್ಸು, ವಯರು, ಪೈಪು ಇನ್ನೂ ಬಂದಿಲ್ಲ, ಬರುವಾಗ ಅವೂ ಬರಿಗೈಯಲ್ಲಿ ಬರುವುದಿಲ್ಲ. ಅಂತೂ ಬಲಗೈಯಲ್ಲಿ 1.20 ಲಕ್ಷ ಕೊಟ್ಟ ಸರಕಾರಕ್ಕೆ ಎಡಗೈಯಲ್ಲಿ ಅಸಲು ವಾಪಸು. ಇಷ್ಟು ನಿಯತ್ತಿನ ಸಾಲಗಾರ ಯಾವ ಸೊಸೈಟಿಗೂ ಸಿಕ್ಕಿರಲಿಕ್ಕಿಲ್ಲ.

ಇಷ್ಟಾಗಿಯೂ ಕಟ್ಟಲು ಪಂಚಾಯತಿನ 9/11 ಖಾತೆ ಬೇಕು. ಪಂಚಾಯತ್ ಕಟ್ಟೆಯಲ್ಲೇ ಮುಗಿಯುತ್ತಿದ್ದ ಏಕನಿವೇಶನದ ನಕ್ಷೆಗೆ ಯೋಜನಾ ಪ್ರಾಧಿಕಾರದ ಮೊಹರು ಬೇಕೆಂದಾದ ಮೇಲೆ 2025ರಲ್ಲಿ ಜಿಲ್ಲೆಯ ಪಂಚಾಯತ್‌ಗಳ ಎದುರು ಧರಣಿಯೇ ನಡೆಯಿತು. ಕನ್ವರ್ಷನ್, ಇಸಿ, ಆರ್‌ಟಿಸಿ ಎಲ್ಲ ಸೇರಿದ ಫೈಲು ಹಲವರ ಮನೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬೆಚ್ಚಗೆ ಮಲಗಿದೆ. ಮನೆಯವರು ಬಾಡಿಗೆ ಮನೆಯಲ್ಲಿ ಸೋರುವಲ್ಲಿಗೆ ಬಾಲ್ದಿ ಇಡುತ್ತಿದ್ದಾರೆ.

ಅದೇ ವರ್ಷದ ಮಳೆಗಾಲದಲ್ಲಿ ಇನ್ನೊಂದು ಚೋದ್ಯ ನಡೆಯಿತು. ಕಾಲಡಿಯಲ್ಲಿ ಕೆಂಪುಕಲ್ಲು, ಪಕ್ಕದ ನೇತ್ರಾವತಿಯಲ್ಲಿ ಮರಳು, ಅಕ್ರಮ ಗಣಿಗಾರಿಕೆ ನಿಲ್ಲಿಸುತ್ತೇವೆಂದು ಸರಕಾರ ಹೊರಟ ಮೇಲೆ ಊರಿನಲ್ಲಿ ಮಾತ್ರ ಎರಡೂ ಇರಲಿಲ್ಲ. ಇಷ್ಟು ವರ್ಷ ಕಾನೂನನ್ನು ಲಾರಿಯಡಿ ಹಾಕಿಕೊಂಡು ಹೋದವರನ್ನು ಹಿಡಿಯಬೇಕಿತ್ತು, ನಿಜ. ಆದರೆ ಕೆಲಸ ಹೋದದ್ದು ಮೇಸ್ತ್ರಿಗೆ, ಕಲ್ಲು ಹೊರುವವನಿಗೆ. ಅರ್ಧ ಎದ್ದ ಗೋಡೆಯ ಮೇಲೆ ಹುಲ್ಲು ಬೆಳೆದದ್ದು ಸಾಲ ಮಾಡಿದವನ ಮನೆಯಲ್ಲಿ. ದೊಡ್ಡ ಕಟ್ಟಡದವರಿಗೆ ಕಲ್ಲು ಎಲ್ಲಿಂದ ಬರುತ್ತಿತ್ತೋ, ರಾತ್ರಿ ಎಚ್ಚರ ಇದ್ದವರನ್ನು ಕೇಳಬೇಕು.

ಇನ್ನು ಬ್ಯಾಂಕು. ಜಾಗಕ್ಕೆ ಹತ್ತು, ಚದರಡಿಗೆ ಎರಡು ಸಾವಿರದಂತೆ ಮನೆಗೆ ಹನ್ನೆರಡು. ಕೈಯಲ್ಲಿದ್ದದ್ದು, ಕುತ್ತಿಗೆಯಲ್ಲಿದ್ದದ್ದು ಹಾಕಿ 20 ಲಕ್ಷ ಸಾಲ ಎನ್ನಿ. ಎಂಟೂವರೆ ಬಡ್ಡಿಗೆ, 20 ವರ್ಷಕ್ಕೆ ತಿಂಗಳ ಕಂತು 17,356. ನಮ್ಮ ಕಡೆ ಗಂಡ ಗಾರೆಗೆ ಹೋದರೆ ಹೆಂಡತಿ ಮನೆಯಲ್ಲಿ ಬೀಡಿ ಕಟ್ಟುತ್ತಾಳೆ. ಗಾರೆಯ ದುಡ್ಡು ಹೊಟ್ಟೆಗೆ, ಶಾಲೆ ಫೀಸಿಗೆ, ಸಂಘದ ವಾರದ ಕಂತಿಗೆ. ಹಾಗಾದರೆ ಮನೆ ಬೀಡಿಯಿಂದಲೇ ಏಳಬೇಕು. ಸಾವಿರ ಬೀಡಿಗೆ ಮುನ್ನೂರು ರೂಪಾಯಿಯ ಆಸುಪಾಸು ಮಜೂರಿ, ಅಂದರೆ ಒಂದು ಕಂತಿಗೆ ಸುಮಾರು 58 ಸಾವಿರ ಬೀಡಿ. ದಿನಕ್ಕೆ ಸಾವಿರದಂತೆ ಕಟ್ಟಿದರೆ ತಿಂಗಳಿಗೆ 58 ದಿವಸ ಬೇಕು. ಪಂಚಾಂಗದವರು ಮನಸ್ಸು ಮಾಡಬೇಕು. ಸಾಲ ತೀರುವಾಗ ಒಂದು ಕೋಟಿ ಮೂವತ್ತೆಂಟು ಲಕ್ಷದ ಮೇಲೆ ಬೀಡಿ ಆಗಿರುತ್ತದೆ. ಅಷ್ಟನ್ನು ಸೇದುವವರು ಆಗ ಬದುಕಿರಬೇಕು ಎನ್ನುವುದು ಬೇರೆ ವಿಷಯ.

ವಿಟ್ಲ ಕಳೆದು ಸಾರಡ್ಕ ದಾಟಿದರೆ ಕೇರಳ. ಅದೇ ಕೆಂಪುಕಲ್ಲು, ಅದೇ ಮಳೆ, ಅದೇ ಗುಡ್ಡ. ಅಲ್ಲಿ ಲೈಫ್ ಮಿಷನ್ನಿನ ಮನೆಗೆ 4 ಲಕ್ಷ. ಅದೂ ಸಾಲದು ಎಂದು ಅಲ್ಲಿಯವರು ಬೊಬ್ಬೆ ಹಾಕುತ್ತಾರೆ. ನಮ್ಮವರು ಬೊಬ್ಬೆ ಹಾಕುವುದಿಲ್ಲ, ಯಾಕೆಂದರೆ ಪಟ್ಟಿಯಲ್ಲಿ ಹೆಸರು ಬಂದದ್ದೇ ದೊಡ್ಡದು. ಮನೆಗೆ ಕೇಂದ್ರದ ಹೆಸರಿನ ಬೋರ್ಡು ಹಾಕಬೇಕೆಂದಾಗ ಕೇರಳ ಸರಕಾರ, ಬಡವನ ಗೋಡೆಯಲ್ಲಿ ಜಾಹೀರಾತು ಬೇಡ ಎಂದು ಜಗಳಕ್ಕೇ ನಿಂತಿತು.

ನಮಗೆ ಆ ಬಿಗುಮಾನ ಇಲ್ಲ. ತಳಪಾಯಕ್ಕೊಂದು, ಲಿಂಟಲಿಗೊಂದು, ಛಾವಣಿಗೊಂದು ಜಿಪಿಎಸ್ ಫೋಟೊ ತೆಗೆಸಿಕೊಂಡು, ಕೊನೆಗೆ ಯೋಜನೆಯ ಹೆಸರನ್ನೂ ಗೋಡೆಗೆ ಬರೆಸುತ್ತೇವೆ. ಬರೆಯಲು ಬಂದ ಪೈಂಟರ್ ಗೋಡೆ ತಟ್ಟಿ ನೋಡಿ ಕೇಳಿದನಂತೆ: “ಅಕ್ಕ, ಸಾರಣೆ ಆಗಿಲ್ಲ, ಬರೆದದ್ದು ನಿಲ್ಲುದಿಲ್ಲ. ಸಾರಣೆ ಯಾವಾಗ?”

“ಇದರ ಫೋಟೊ ಹೋದ್ರೆ ಕೊನೆ ಕಂತು ಬರ್ತದಂತೆ,” ಎಂದಳು ಅಕ್ಕ. “ಅದು ಬಂದ ಮೇಲೆ.”