ಟೇಕ್ ದಟ್ ಸಂಧಿಪ್ರಕರಣ

ಮ್ಯಾಂಚೆಸ್ಟರಿನ ‘ಟೇಕ್ ದಟ್’ ಎಂಬ ಹುಡುಗರ ತಂಡ ಹುಟ್ಟಿ, ಒಡೆದು, ಮತ್ತೆ ಕೂಡಿದ ಬಗೆಗೆ ಬ್ರಿಟನ್ನಿನ ಪತ್ರಿಕೆಗಳು ಅಸೂಯೆ, ಅಹಂಕಾರ ಮುಂತಾದ ಕ್ಷುಲ್ಲಕ ಕಾರಣಗಳನ್ನು ಕೊಟ್ಟಿವೆ. ಕೇಶಿರಾಜನ ‘ಶಬ್ದಮಣಿದರ್ಪಣ’ ಅವುಗಳ ಕಣ್ಣಿಗೆ ಬಿದ್ದಿಲ್ಲ. ವಿಷಯ ಶುದ್ಧ ವ್ಯಾಕರಣದ್ದು.

ಅಕ್ಷರಮಾಲೆ: 1990ರಲ್ಲಿ ನೈಜೆಲ್ ಮಾರ್ಟಿನ್-ಸ್ಮಿತ್ ಎಂಬ ಮ್ಯಾನೇಜರು ಅಮೆರಿಕದ ‘ನ್ಯೂ ಕಿಡ್ಸ್ ಆನ್ ದಿ ಬ್ಲಾಕ್’ ಮಾದರಿ ಹಿಡಿದು ಐದಕ್ಷರ ಜೋಡಿಸಿದ. ಹಾಡು ಕಟ್ಟುವ ಗ್ಯಾರಿ ಬಾರ್ಲೋ, ಹದಿನಾರರ ತುಂಟ ರಾಬಿ ವಿಲಿಯಮ್ಸ್ ಸ್ವರಗಳು. ಕುಣಿತದಲ್ಲಿ ಪಳಗಿದ ಹೊವಾರ್ಡ್ ಡೊನಾಲ್ಡ್, ಜೇಸನ್ ಆರೆಂಜ್ ವ್ಯಂಜನಗಳು. ಮಾರ್ಕ್ ಓವನ್ ‘ಬೇಬ್’ ಹಾಡಿನಲ್ಲಿ ಸ್ವರ, ಬೇರೆಡೆ ವ್ಯಂಜನ. ಅವನನ್ನು ಯೋಗವಾಹವೆಂದು ಕರೆದು ಮುಂದೆ ಹೋಗೋಣ.

ಸೂತ್ರ 1, ಲೋಪ: ಸ್ವರಕ್ಕೆ ಸ್ವರ ಎದುರಾದರೆ ಒಂದು ಬಿದ್ದುಹೋಗುತ್ತದೆ. 1995ರ ಜೂನ್‌ನಲ್ಲಿ ರಾಬಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ‘ಒಯಾಸಿಸ್’ ತಂಡದೊಂದಿಗೆ ಮೆರೆದ, ಜುಲೈಯಲ್ಲಿ ಲೋಪವಾದ. ಅದೇ ತಿಂಗಳು ಬಿಡುಗಡೆಯಾದ ತಂಡದ ಹಾಡಿನ ಹೆಸರು ‘ನೆವರ್ ಫರ್ಗೆಟ್’. 1996ರ ಫೆಬ್ರುವರಿ 13ರಂದು, ರಾಬಿಯ ಹುಟ್ಟುಹಬ್ಬದ ದಿನವೇ, ಉಳಿದ ನಾಲ್ವರೂ ಸರ್ವಲೋಪ ಘೋಷಿಸಿದರು. ಅತ್ತು ಕಂಗೆಟ್ಟ ಹುಡುಗಿಯರಿಗೆ ಸಮಾಧಾನ ಹೇಳಲು ದೂರವಾಣಿ ಸಹಾಯವಾಣಿಗಳನ್ನೇ ತೆರೆಯಬೇಕಾಯಿತು. ಲೋಪಸಂಧಿಗೆ ಇಷ್ಟು ಕಣ್ಣೀರು ನಮ್ಮ ಹೈಸ್ಕೂಲುಗಳಲ್ಲೂ ಹರಿದಿಲ್ಲ.

ಸೂತ್ರ 2, ಆದೇಶ: ಒಂದರ ಜಾಗಕ್ಕೆ ಇನ್ನೊಂದು ಬರುವುದು. 2006ರಲ್ಲಿ ನಾಲ್ವರು ಮತ್ತೆ ವೇದಿಕೆ ಹತ್ತಿದಾಗ ರಾಬಿಯ ಜಾಗದಲ್ಲಿ ಅವನ ಬಿಂಬ ಬಂದು ಹಾಡಿತು. ಬಿಂಬ ಸಮಯಕ್ಕೆ ಬಂತು, ಜಗಳ ತೆಗೆಯಲಿಲ್ಲ.

ಪೂರ್ವಪಕ್ಷ: “ಸ್ನೇಹವೇ ಅವರನ್ನು ಕೂಡಿಸಿತು, ವ್ಯಾಕರಣಕ್ಕೇನು ಕೆಲಸ?”

ಸಿದ್ಧಾಂತ: ಹಾಗಿದ್ದರೆ ಹತ್ತು ವರ್ಷ ಏಕೆ ಕಾದರು? 1996ರಲ್ಲಿ ಅತ್ತ ಹದಿನೈದರ ಹುಡುಗಿ ಟಿಕೆಟ್ಟಿಗೆ ಅಪ್ಪನ ಮುಂದೆ ಕೈಯೊಡ್ಡಬೇಕಿತ್ತು. 2006ಕ್ಕೆ ಅವಳಿಗೆ ಇಪ್ಪತ್ತೈದು. ಸಂಬಳ ಅವಳದೇ, ಗೆಳತಿಯರಿಗೂ ಟಿಕೆಟ್ ಅವಳೇ ಕೊಂಡಳು. ವಿರಹ ಹಣ್ಣಾಗಲು ಬೇಕಾದ ಕಾಲವೂ ಅಭಿಮಾನಿಗೆ ನೌಕರಿ ಸಿಗಲು ಬೇಕಾದ ಕಾಲವೂ ಒಂದೇ ಎಂಬುದನ್ನು ಅಲಂಕಾರಶಾಸ್ತ್ರಜ್ಞರು ಗಮನಿಸಬೇಕು.

ಸೂತ್ರ 3, ಆಗಮ: ಲೋಪದಿಂದ ಅರ್ಥಕ್ಕೆ ಹಾನಿಯಾಗುವ ಕಡೆ ಹೊಸ ಅಕ್ಷರ ಬಂದು ಸೇರುತ್ತದೆ. ನಮಗೆ ಗೊತ್ತಿರುವುದು ಯಕಾರಾಗಮ, ವಕಾರಾಗಮ ಎರಡೇ. 2010ರಲ್ಲಿ ಆದದ್ದು ರಕಾರಾಗಮ. ರಾಬಿ ಮರಳಿದ, ‘ಪ್ರೋಗ್ರೆಸ್’ ಆಲ್ಬಮ್ ಬಂತು. 2011ರಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲೇ ಎಂಟು ರಾತ್ರಿ ಪ್ರದರ್ಶನ ನಡೆಯಿತು. ಅರ್ಥಕ್ಕೆ ಯಾವ ಹಾನಿಯೂ ಆಗಲಿಲ್ಲ.

ಸೂತ್ರ 4, ಪ್ರಕೃತಿಭಾವ: ಸಂಧಿಗೆ ಅವಕಾಶವಿದ್ದೂ ಸೇರದೆ ಇದ್ದಂತೆಯೇ ಇರುವುದು. ಉದಾಹರಣೆ: ಜೇಸನ್ ಆರೆಂಜ್. 2014ರಲ್ಲಿ ತಂಡ ಬಿಟ್ಟ. ಅಷ್ಟು ಹೊತ್ತಿಗೆ ರಾಬಿಯೂ ತನ್ನ ದಾರಿ ಹಿಡಿದಿದ್ದ. ಗ್ಯಾರಿ, ಮಾರ್ಕ್, ಹೊವಾರ್ಡ್ ಮೂವರೇ ಮುಂದುವರಿದರು. ಐದಕ್ಷರದ ಪದ ಮೂರಕ್ಷರಕ್ಕೆ ಇಳಿದರೂ ಟಿಕೆಟ್ ಕೊಳ್ಳುವವರಿಗೆ ಅರ್ಥವಾಗುತ್ತಿದೆ.

ಅಭ್ಯಾಸ: ಲಿಯಾಮ್ ಮತ್ತು ನೋಯೆಲ್ ಗ್ಯಾಲಗರ್ ಒಡಹುಟ್ಟಿದವರು. ‘ಒಯಾಸಿಸ್’ ಪದವನ್ನು 2009ರಲ್ಲಿ ಅವರೇ ಬಿಡಿಸಿ ಬರೆದಿದ್ದಾರೆ. 2025ರಲ್ಲಿ ಕೂಡಿಸಿ ಬರೆದದ್ದು ಯಾವ ಸಂಧಿ? ಅರ್ಥಸಹಿತ ವಿವರಿಸಿ.